ಅಳಿವೆಯಾಚೆ ರೇಂಜಿಲ್ಲ

ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ಪ್ಲಾಂಟಿನಿಂದ
ನಲವತ್ತು ಬಾರ್ ಐಸು ಹೇರಿಕೊಂಡು
ರೋಹಿದಾಸನ ಬೋಟು ದಕ್ಕೆ ಬಿಟ್ಟಿತು.
ಬಿಲ್ಲು ಬರೆದವಳು ನಾನೇ.
ಸಹಿ ಹಾಕಿದವನು ನನ್ನ ಪೆನ್ನನ್ನು ಜೇಬಿಗಿಳಿಸಿ ಹೋದ,
ಅದೂ ನನಗೆ ಸಂತೋಷವೇ.

ಅಳಿವೆ ದಾಟಿದರೆ ರೇಂಜಿಲ್ಲ.
ಹನ್ನೊಂದು ವರ್ಷದಿಂದ ಗೊತ್ತು.
ತಣ್ಣೀರುಬಾವಿಯ ಮಕ್ಕಳಿಗೂ ಗೊತ್ತು.
ಆದರೂ ಏಳು ಗಂಟೆಗೆ ಮೊಬೈಲಲ್ಲಿ ಒಂದೇ ಗೀಟು ಕಂಡರೆ
ನನ್ನೊಳಗೆ ಯಾವಳೋ ಗುಮಾಸ್ತೆ ಎದ್ದು ಕೂತು
ಕೆಂಪು ಶಾಯಿಯಲ್ಲಿ ಬರೆಯುತ್ತಾಳೆ: ಬಿಟ್ಟ.
ಎಂಟಕ್ಕೆ: ಯಾವತ್ತೋ ಬಿಟ್ಟಿದ್ದ.
ಒಂಬತ್ತಕ್ಕೆ ಚಾ ತಂದ ಹುಡುಗ ಸಕ್ಕರೆ ಮರೆತಿದ್ದ,
ಗ್ಲಾಸು ಅವನ ಮುಖಕ್ಕೆ ಹಾರದಿರಲು
ನಾನು ಮೇಜಿನ ಅಂಚನ್ನು ಹಿಡಿದು ನಿಲ್ಲಬೇಕಾಯಿತು.

ನಿಮ್ಮಲ್ಲಿಗೆ ಸಿಟ್ಟು ಬರುವುದು ನೆಂಟರ ಹಾಗೆ,
ಚಪ್ಪಲಿ ಹೊರಗೆ ಬಿಟ್ಟು.
ನನ್ನಲ್ಲಿಗೆ ಗೋಡೆ ಸಮೇತ ಬರುತ್ತದೆ.

ಕಂಕನಾಡಿಯ ಡಾಕ್ಟರಮ್ಮ ಕಾಯಿಲೆಗೊಂದು ಹೆಸರು ಹೇಳಿದರು.
ಅದರಲ್ಲಿ ಬಾರ್ಡರ್ ಎಂಬ ಶಬ್ದ ಇತ್ತು.
ನನಗೆ ಗೊತ್ತಿದ್ದ ಬಾರ್ಡರು ಎರಡೇ,
ಸೀರೆಯದ್ದೊಂದು, ತಲಪಾಡಿಯದ್ದೊಂದು.
‘ಇದು ಎಲ್ಲಿ ಬರ್ತದೆ ಮೇಡಂ?’
ಅವರು ನಗಲಿಲ್ಲ.
‘ಉಪ್ಪು ಎಲ್ಲರಿಗೂ ಒಂದೇ ಸುಗಂಧಿ,
ನಿಮ್ಮದು ಸಿಪ್ಪೆ ಸುಲಿದ ಸಿಗಡಿ.
ಉರಿಯುವುದು ನಾಟಕ ಅಲ್ಲ.’
ಮೂವತ್ತಾರು ವರ್ಷ ಎಲ್ಲರೂ ಅದನ್ನೇ ಅಂದದ್ದು, ನಾಟಕ.
ಬಸ್ಸಿನಲ್ಲಿ ಜ್ಯೋತಿ ಬರುವವರೆಗೂ ಅಳುತ್ತಿದ್ದೆ,
ಕಂಡಕ್ಟರು ದುಡ್ಡು ಕೇಳಲಿಲ್ಲ.

ಹೋದ ಸಲ ಅವನು ಹತ್ತು ದಿನಕ್ಕೆಂದು ಹೋಗಿ
ಹನ್ನೆರಡಕ್ಕೆ ಬಂದಾಗ
ಅವನ ಬಟ್ಟೆಬರೆ ಗೋಣಿಯಲ್ಲಿ ತುಂಬಿ ಜಗಲಿಯಲ್ಲಿಟ್ಟಿದ್ದೆ.
ದೇವರಂಥವನು ಹನ್ನೊಂದನೆಯ ದಿನಕ್ಕೆ ರಾಕ್ಷಸನಾಗಿದ್ದ,
ನಡುವೆ ಮನುಷ್ಯನಾಗಲು ಅವನಿಗೆ ನಾನು
ಒಂದು ಮಧ್ಯಾಹ್ನವನ್ನೂ ಕೊಟ್ಟಿರಲಿಲ್ಲ.
ಬಂದ. ಕೈಯಲ್ಲಿ ಎರಡು ಕಾಣೆ ಮೀನು.
ಗೋಣಿ ಬಿಚ್ಚಿ ಒಂದೊಂದೇ ತೆಗೆದು ನೋಡಿ
‘ಬಲಗಾಲಿನ ಚಪ್ಪಲಿ ಹಾಕಲೇ ಇಲ್ಲ ಮಾರಾಯ್ತಿ,
ಕುಂಟಿಕೊಂಡು ಎಲ್ಲಿಗೆ ಹೋಗುವುದು ನಾನು?’
ಎಂದು ಅಲ್ಲೇ ಕೂತ.
ಅವನ ಕಣ್ಣು ಕೆಂಪಗಿತ್ತು. ನಿದ್ದೆ ಇಲ್ಲದ್ದಕ್ಕೋ,
ನನಗಾಗಿಯೋ, ಕೇಳಲು ಧೈರ್ಯ ಬರಲಿಲ್ಲ.
ಪ್ರತಿ ಸಲವೂ ಕೂರುತ್ತಾನೆ ಎಂದೇನೂ ಇಲ್ಲ.
ಅದೂ ನನಗೆ ಗೊತ್ತು.

ನಮ್ಮ ಟ್ಯಾಂಕಿಯಲ್ಲಿ ಒಂದು ವಿಚಿತ್ರ ಉಂಟು.
ಡಬ್ಬಿಯೊಳಗಿನ ಸಿಹಿನೀರು ಕಲ್ಲಾಗುತ್ತದೆ.
ಸುತ್ತ ಇರುವ ಉಪ್ಪುನೀರು
ಅದಕ್ಕಿಂತ ತಣ್ಣಗಿದ್ದೂ ಹೆಪ್ಪುಗಟ್ಟುವುದಿಲ್ಲ,
ರಾತ್ರಿಯಿಡೀ ಸುತ್ತುತ್ತಲೇ ಇರುತ್ತದೆ.
ಕೆಲಸಕ್ಕೆ ಸೇರಿದ ದಿನ ಹಮ್ಮಬ್ಬ ಇದನ್ನು ತೋರಿಸಿದಾಗ
ನಾನು ಬಗ್ಗಿ ಬಹಳ ಹೊತ್ತು ನೋಡಿದ್ದೆ.
‘ಬಿದ್ದೀರಿ’ ಎಂದಿದ್ದ.

ಈಗ ಅವನಿಗೆ ಎಂತದೂ ಹೇಳಬೇಕಾಗಿಲ್ಲ.
ನನ್ನ ಕಾಲು ಕುರ್ಚಿಯಡಿ ತಾಳ ಹಾಕತೊಡಗಿದರೆ
ಕ್ರಷರಿನ ಬಾಯಿಂದ ಒಂದು ಮುಷ್ಟಿ ಐಸು
ಸ್ಟೀಲಿನ ಚೊಂಬಿನಲ್ಲಿ ತಂದಿಟ್ಟು ಹೋಗುತ್ತಾನೆ.
ಹಿಡಿದುಕೊಳ್ಳುತ್ತೇನೆ. ಡಾಕ್ಟರಮ್ಮ ಕಲಿಸಿದ್ದು.
ಮೊದಲು ಸುಡುತ್ತದೆ, ಆಮೇಲೆ ಬೆರಳು
ಬೇರೆ ಯಾರದ್ದೋ ಆಗುತ್ತದೆ.
ಬಿಲ್ ಪುಸ್ತಕದ ಹಿಂಬದಿಯಲ್ಲಿ ಒದ್ದೆ ಅಕ್ಷರ:
ಒಂಬತ್ತು ಹತ್ತಕ್ಕೆ ಶುರು.
ಒಂಬತ್ತು ನಲವತ್ತಕ್ಕೆ ಕಾಲು ಭಾಗ ಕರಗಿತು.
ಕರಗಿದ್ದು ಐಸೋ ನಾನೋ ಎಂದು ಬರೆಯಲಿಲ್ಲ.

ಹದಿನೇಳು ಮೆಸೇಜು ಬರೆದು ಅಳಿಸಿದೆ.
ಎರಡರಲ್ಲಿ ಸಾಯುವ ಮಾತಿತ್ತು,
ಒಂದರಲ್ಲಿ ಅವನ ಅಮ್ಮನನ್ನೂ ಎಳೆದಿದ್ದೆ.
ಹದಿನೆಂಟನೆಯದ್ದು ಕಳಿಸಿದೆ: ನನ್ನ ಪೆನ್ನು ತಾ.

ಒಂದೇ ಗೀಟು.
ಮರವಟ್ಟ ಹೆಬ್ಬೆರಳನ್ನು ಅದರ ಮೇಲಿಟ್ಟು
ಓದಲು ಪ್ರಯತ್ನಿಸಿದೆ. ಬರೇ ಗೀಟು.
ಇದು ಹತ್ತು ಗಂಟೆಯ ಮಾತು.
ಹನ್ನೊಂದಕ್ಕೆ ಎಂತದೋ.
ಹೊರಗೆ ಲಾರಿಯವನು ಬಿಲ್ಲು ಬಿಲ್ಲು ಎಂದು ಬೊಬ್ಬೆ ಹಾಕುತ್ತಿದ್ದಾನೆ,
ಬರೆಯೋಣವೆಂದರೆ
ಪೆನ್ನು ಸಮುದ್ರದಲ್ಲಿದೆ.