ನಾಲ್ಕರಲ್ಲಿ ಮಾತ್ರ

ಗುತ್ತಲು ರಸ್ತೆಯಲ್ಲಿ ನಾನು ಶಟರ್ ಎತ್ತುವ ಮೊದಲೇ
ಬಂದು ನಿಂತಿತ್ತು ಡಾಕ್ಟರ್ ಶೈಲಶ್ರೀ ಅವರ ಬಿಳಿ ಆಲ್ಟೊ.
ಗಾಲಿಗೆ ನಾಲೆ ಏರಿಯ ಕೆಸರು,
ಹಿಂದಿನ ಸೀಟಲ್ಲಿ ಅಯೋಡಿನ್ ವಾಸನೆ,
ತೋಳುದ್ದದ ಗ್ಲೌಸು, ಕರು ಎಳೆಯುವ ಹಗ್ಗ.

"ಮೂರು ಸಲ ಫ್ಯೂಸ್ ಹಾಕಿಸ್ದೆ, ಬೋರಲಿಂಗಣ್ಣ.
ಮೈಸೂರಲ್ಲಿ ಮೋಟ್ರೇ ಹೋಗಿದೆ ಅಂದ್ರು, ಐದು ಸಾವಿರ.
ಒಂದು, ಎರಡು, ಮೂರಕ್ಕೆ ಉಸಿರೇ ಇಲ್ಲ.
ನಾಲ್ಕಕ್ಕೆ ತಿರುಗಿಸಿದ್ರೆ ಅಕ್ಕಿ ಗಿರಣಿ.
ಪಕ್ಕದಲ್ಲಿ ಕೂತ ದನದೋರು 'ಎಡಕ್ಕೆ' ಅಂದದ್ದು ಕೇಳಲ್ಲ.
ಸದ್ದು ಜಾಸ್ತಿ, ಗಾಳಿ ಕಮ್ಮಿ.
ಬೆಳಗಿನ ಜಾವ ಏರಿ ಮೇಲೆ, ಮಗ್ಗುಲಲ್ಲೇ ನೀರು,
ಒಂದು ಕೈಲಿ ಸ್ಟೇರಿಂಗು, ಒಂದು ಕೈಲಿ ಬಟ್ಟೆ."

ಗಾಜಿನ ಒಳಮೈಯಲ್ಲಿ ಆ ಬಟ್ಟೆಯ ಗೆರೆಗಳಿದ್ದವು.
ನಾಲೆಯ ಮಂಜನ್ನಲ್ಲ ಅವರು ಒರೆಸುತ್ತಿದ್ದದ್ದು,
ತಮ್ಮದೇ ಉಸಿರನ್ನು.

ನನಗೆ ಕೆಲಸ ಕಲಿಸಿದ ದ್ಯಾವಯ್ಯ ಮೇಸ್ತ್ರಿ
ಬೀಡಿ ಕಚ್ಚಿಕೊಂಡೇ ಹೇಳೋರು:
"ಕೆಟ್ಟಿರೋದನ್ನ ಆಮೇಲೆ ಕೇಳ್ಲಾ,
ಕೆಲ್ಸ ಮಾಡ್ತಿರೋದನ್ನ ಮೊದ್ಲು ಕೇಳು.
ಅದಕ್ಕೆ ಸುಳ್ಳು ಹೇಳೋ ದರ್ದಿಲ್ಲ."

ಕೇಳಿದೆ. ನಾಲ್ಕು ತಿರುಗುತ್ತಿದೆ.
ಅಂದರೆ ಫ್ಯೂಸಿನ ತಪ್ಪಿಲ್ಲ, ಮೋಟಾರು ಬದುಕಿದೆ,
ಅರ್ಥ್ ವೈರು ಬಾಡಿಯ ಕೈ ಬಿಟ್ಟಿಲ್ಲ.
ಡ್ಯಾಶ್‌ಬೋರ್ಡಿನಡಿ ಬೆನ್ನು ಮಲಗಿಸಿ, ಟಾರ್ಚು ಹಲ್ಲಲ್ಲಿ ಹಿಡಿದು
ಕನೆಕ್ಟರ್ ಬಿಚ್ಚಿ, ಸ್ವಿಚ್ಚಿಂದ ಬರುವ ಒಂದೊಂದೇ ವೈರಿಗೆ
ಟೆಸ್ಟ್ ಲ್ಯಾಂಪ್ ಮುಟ್ಟಿಸಿದೆ.
"ಒಂದು ಹಾಕಿ ಮೇಡಂ." ಉರಿಯಿತು.
"ಎರಡು." ಉರಿಯಿತು.
"ಮೂರು."
ಸ್ವಿಚ್ಚು ಹೇಳುತ್ತಲೇ ಇದೆ,
ಕೇಳಿಸಿಕೊಳ್ಳಬೇಕಾದವನು ನಡುವೆ ಸತ್ತಿದ್ದಾನೆ.

ಎರಡು ಸ್ಕ್ರೂ. ಕೈಗೆ ಬಂತು ರೆಸಿಸ್ಟರು:
ಸುರುಳಿ ತಂತಿ, ಕಪ್ಪಗೆ ಸೀದ ಒಂದು ಬೆಸುಗೆ ಚುಕ್ಕೆ.
ಅಬ್ಬರಕ್ಕೆ ಇದರ ಹಂಗಿಲ್ಲ, ನಾಲ್ಕರಲ್ಲಿ ಕರೆಂಟು ನೇರ ಹೋಗುತ್ತದೆ.
ಮೆಲ್ಲಗೆ ಬೀಸಬೇಕಾದರೆ ಮಾತ್ರ ಇದು ಬೇಕು.
ಮಿಕ್ಕ ಜೋರನ್ನು ತನ್ನ ಮೈಗೆ ಎಳೆದುಕೊಂಡು
ಕಾಯುತ್ತದೆ.
ನಮ್ಮ ಮನೇಲಿ ಆ ಕೆಲಸ ಅವ್ವ ಮಾಡೋಳು,
ಅಪ್ಪನ ದನಿ ನಮ್ಮತನಕ ಬರುವ ಹೊತ್ತಿಗೆ ಅರ್ಧ ಆಗಿರೋದು.

ಆದರೆ ಇದನ್ನು ಗಾಳಿಯ ದಾರಿಯಲ್ಲೇ ಕೂರಿಸಿರುತ್ತಾರೆ,
ತಾನು ತಗ್ಗಿಸಿದ ಗಾಳಿಯೇ ತನ್ನನ್ನು ತಣಿಸಲಿ ಅಂತ.
ಮತ್ತೆ ಸುಟ್ಟದ್ದು ಯಾಕೆ?
ಹೊಸದು ಸಿಕ್ಕಿಸಿ ಕಾಸು ಎಣಿಸಬಹುದಿತ್ತು,
ಆರು ತಿಂಗಳಿಗೆ ಮತ್ತೆ ಬರುತ್ತಿದ್ದರು.
ಸದ್ದು ಜಾಸ್ತಿ, ಗಾಳಿ ಕಮ್ಮಿ ಅಂದರಲ್ಲ,
ಆ ಮಾತು ಬಿಡಲಿಲ್ಲ.

ಬ್ಲೋವರ್ ಇಳಿಸಿದೆ.
ಹೊರಗಾಳಿ ಒಳಬರುವ ಬಾಯಿಗೆ ಅಡ್ಡಲಾಗಿ
ಇಲಿಗೂಡು. ಖಾಲಿ.
ಕಬ್ಬಿನ ಸೋಗೆ, ಒಣಹುಲ್ಲು, ಔಷಧಿಪೆಟ್ಟಿಗೆಯ ಹತ್ತಿ,
ಬಾಣಂತಿಗೆ ಹಾಸಿದಷ್ಟು ಮೆತ್ತಗೆ ಸಿಗಿದ ರಿಜಿಸ್ಟರಿನ ಕಾಗದ.
ಒಂದು ಚೂರಲ್ಲಿ ಅವರದೇ ಬರಹ ಉಳಿದಿತ್ತು:
ಹಳ್ಳಿಕಾರ್. ಮೂರನೇ ಸೂಲು. ಕರು ಅಡ್ಡ

ಅಷ್ಟಕ್ಕೆ ಕಚ್ಚಿತ್ತು ಇಲಿ.

ಡಾಕ್ಟರಮ್ಮ ಚೂರು ತಗೊಂಡು ಬೆಳಕಿಗೆ ಹಿಡಿದರು.
"ಕೊತ್ತತ್ತಿದು," ಎಂದರು.
"ಬದುಕ್ತಾ?"
"ಕರು ಬದುಕ್ತು."
ಆಚೆ ಕಬ್ಬಿನ ಲಾರಿಯೊಂದು ಗೇರು ಬದಲಿಸಿ ಏರು ಹತ್ತಿತು.
ನಾನು ಸ್ಕ್ರೂ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದೆ.

ರೆಸಿಸ್ಟರಿಗೆ ನಾನ್ನೂರೈವತ್ತು, ಕೂಲಿ ಮುನ್ನೂರು,
ಬಾಯಿಗೆ ಒಂದು ತುಂಡು ಜಾಲರಿ, ಅದಕ್ಕೆ ಕಾಸಿಲ್ಲ.
"ಇಷ್ಟಕ್ಕೇನಾ?" ಅಂದರು. ಎಲ್ಲರೂ ಅನ್ನುತ್ತಾರೆ.

ಕೀಲಿ ತಿರುಗಿಸಿ, ಅಭ್ಯಾಸದ ಮೇಲೆ
ನಾಬನ್ನು ಸೀದಾ ನಾಲ್ಕಕ್ಕೆ ಒಯ್ದರು.
ಗಾಳಿ ಮುಖಕ್ಕೆ ಹೊಡೆದು ಕನ್ನಡಕ ಮಸುಕಾಯಿತು.
ನಕ್ಕು ಮೂರಕ್ಕೆ ಇಳಿಸಿದರು, ಎರಡಕ್ಕೆ, ಒಂದಕ್ಕೆ.
ಒಂದರಲ್ಲಿ ಅದು ಬೀಸುತ್ತಿದೆಯೋ ಇಲ್ಲವೋ ತಿಳಿಯದೆ
ಕಿಂಡಿಯ ಹತ್ತಿರ ಅಂಗೈ ಒಡ್ಡಿದರು,
ಹಸುಗರುವಿನ ಮೂಗಿಗೆ ಒಡ್ಡುವ ಹಾಗೆ.