ಹಿಂದಿನ ಪುಟ

ಮಲ್ಪೆ ಬಂದರಿನ ದಾರಿ, ಐಸ್ ಪ್ಲಾಂಟಿನ ಎದುರು
ಹತ್ತಡಿಯ ಅಂಗಡಿ ನನ್ನದು. ಅರ್ಜಿ ತುಂಬಿಕೊಡುತ್ತೇನೆ,
ಪುಟಕ್ಕೆ ಇಪ್ಪತ್ತು ರೂಪಾಯಿ.

ವಾರಿಜ ತಿಂಗಳಾಯ ಮೀನಿನ ಬುಟ್ಟಿ ಹೊರಗಿಟ್ಟು
ಕೈಯನ್ನು ಸೆರಗಿಗೆ ಒರೆಸಿ ಕೂತರು.
ಹೆಸರು. ವಿಳಾಸ. ಗಂಡನ ಹೆಸರು?
ಬಾಗಿಲ ಕಡೆ ನೋಡುತ್ತ, ಮೆಲ್ಲಗೆ, ಲೋಕಯ್ಯ ಎಂದರು.
ತೀರಿಹೋದ ದಿನ?
ಆಟಿ ಅಮಾಸೆ ಕಳೆದು ಮೂರು.
ಹಳೆಯ ಕ್ಯಾಲೆಂಡರ್ ತಿರುವಿ ಇಬ್ಬರೂ ತಾರೀಕು ಹುಡುಕಿದೆವು.

ಮೂರನೇ ಪುಟದಲ್ಲಿ ಏನೋ ತಪ್ಪೆಂದು ಕೆಂಪಾಯಿತು,
ಹಿಂದಕ್ಕೆ ಒತ್ತಿದೆ.
ಎಲ್ಲ ಬಿಳಿ.
ಅಲೆ ಬಂದು ಹೋದ ಮರಳಿನ ಹಾಗೆ ಎನ್ನಬಹುದಿತ್ತು;
ಅಲೆಯಾದರೂ ಒಂದು ಚಿಪ್ಪು ಬಿಟ್ಟು ಹೋಗುತ್ತದೆ.

"ನನೊರ ಪಣೊಡಾ?"
ಮತ್ತೆ ಹೇಳಿದರು. ಈ ಸಲ ಲೋಕಯ್ಯ ತುಸು ಗಟ್ಟಿಯಾಗಿ.
ಕರೆಂಟು ಹೋಯಿತು, ಬಂತು. ಮೂರನೇ ಸಲ
ಹೆಸರಿನ ಹಿಂದೆ ಎಡಗಾಲಿನ ಕುಂಟೂ ಬಂತು,
ಕಿವಿಗೆ ಸಿಕ್ಕಿಸಿದ ಅರ್ಧ ಬೀಡಿ,
ಬಂಗುಡೆಯ ತಲೆಯೇ ಬೇಕೆಂಬ ಹಟ.
ಅದಕ್ಕೆಲ್ಲ ಅಲ್ಲಿ ಖಾನೆ ಇರಲಿಲ್ಲ.

ನಾಲ್ಕನೇ ಸಲ ನಾನು ಕೇಳಲಿಲ್ಲ.
ಬೆರಳೇ ಬರೆಯಿತು: ಹೆಸರು, ತಾರೀಕು,
ಐದು ಏಳು ಆರು ಒಂದು ಸೊನ್ನೆ ಎಂಟು.
ಹೇಳಲು ಬಾಯಿ ತೆರೆದವರು
ನನ್ನ ಬೆರಳು ನೋಡಿ ಸುಮ್ಮನಾದರು.
ಆಮೇಲೆ: "ಇವರ ಗುರ್ತ ಉಂಟಾ ನಿಮಗೆ?"

ಇಲ್ಲ ಎನ್ನಲು ಯಾಕೋ ಬಾಯಿ ಬರಲಿಲ್ಲ.
ಒಂದೇ ಪುಟದ ದುಡ್ಡು ತೆಗೆದುಕೊಂಡೆ.
ರಸೀದಿ ಮಡಚಿ ಸೊಂಟಕ್ಕೆ ಸಿಕ್ಕಿಸಿ
ಹೊರಡುವಾಗ ಎರಡು ಬಂಗುಡೆ ಇಟ್ಟರು
ಪೇಪರಿನಲ್ಲಿ ಸುತ್ತಿ,
ತಲೆ ಸಮೇತ.