ಹಗ್ಗದ ಕೆಲಸ

ಮುಹರ್ರಕ್‌ನ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ
ಹದಿನಾರು ವರ್ಷ ನಾನು ಮಾಡಿದ ಕೆಲಸಕ್ಕೆ
ಹೆಸರಿರಲಿಲ್ಲ.

ಇದಿನಬ್ಬ ಮಲಗುತ್ತಾರೆ. ಗೊರಕೆ ಶುರು.
ಹಡಗುಕಟ್ಟೆಯಲ್ಲಿ ತುಕ್ಕು ಉಜ್ಜುವ ಸದ್ದು,
ಹಗಲಿಡೀ ಕೇಳಿದ್ದು ಸಾಲದೆಂಬಂತೆ.
ಗೊರಕೆಗೆ ಹೆದರಿದವಳಲ್ಲ ನಾನು.
ಹೆದರಿದ್ದು ಅದು ನಿಂತಾಗ.
ಒಂದು, ಎರಡು, ಮೂರು...
ಹದಿನೆಂಟಕ್ಕೆ ಭುಜ ಅಲ್ಲಾಡಿಸುವುದು,
ಇಪ್ಪತ್ತೆರಡಾದರೆ ಗುದ್ದುವುದು.
ಬುಸ್ಸೆಂದು ಮೇಲೆ ಬರುತ್ತಿದ್ದರು,
"ಎಂತದು ಮಾರಾಯ್ತಿ" ಎಂದು
ಮತ್ತೆ ಮುಳುಗುತ್ತಿದ್ದರು.

ಕೆಳಮನೆಯ ಉಮ್ಮ್ ರಾಶಿದ್ ಹೇಳಿದರು,
ಅವರ ಅಜ್ಜನಿಗೂ ಇದೇ ಕೆಲಸ, ಮುತ್ತಿನ ದೋಣಿಯಲ್ಲಿ.
ಮುಳುಗುವವನ ಮೂಗಿಗೆ ಆಮೆಚಿಪ್ಪಿನ ಚಿಮಟ, ಕಾಲಿಗೆ ಕಲ್ಲು.
ಮೇಲೆ ಹಗ್ಗ ಹಿಡಿದು ಕೂತವನು ಸೈಬ್.
ಕೆಳಗಿನವನು ಜಗ್ಗಿದರೆ ಎಳೆಯಬೇಕು;
ಜಗ್ಗದಿದ್ದರೂ
ಎಳೆಯುವ ಹೊತ್ತು ಗೊತ್ತಿರಬೇಕು.
ಮುತ್ತಿನಲ್ಲಿ ಅವನಿಗೆ ಪಾಲು ಕಡಿಮೆಯಂತೆ.

ಮೊದಲು ಮಾಸ್ಕು ಬಂತು, ಆನೆಸೊಂಡಿಲಿನದ್ದು.
ನಡುರಾತ್ರಿ ಕಿತ್ತೆಸೆಯುತ್ತಿದ್ದರು.
ಬೆಳಗಿನ ತನಕ ಅದು ನೆಲದ ಮೇಲೆ
ತಾನೊಂದೇ ಉಸಿರಾಡುತ್ತಿತ್ತು.

ಕಡೆಗೆ ಆಪರೇಷನ್. ಬಲಗಡೆ ಕೊರಳೆಲುಬಿನ ಕೆಳಗೆ
ಬೆಂಕಿಪೊಟ್ಟಣದಷ್ಟು ಯಂತ್ರ,
ಅಲ್ಲಿಂದ ಒಂದು ತಂತಿ ನಾಲಗೆಯ ನರಕ್ಕೆ.
ಉಸಿರೆಳೆದಾಗೆಲ್ಲ ನಾಲಗೆಯನ್ನು ಮುಂದೆ ದೂಡುತ್ತದೆ,
ಗಂಟಲು ಮುಚ್ಚದ ಹಾಗೆ.
ತಿಂಗಳು ಬಿಟ್ಟು ಡಾಕ್ಟರು ಅದನ್ನು ಚಾಲೂ ಮಾಡಿದ ದಿನ
ಐವತ್ತಾರರ ಗಂಡ, ಶಾಲೆ ಹುಡುಗನಂತೆ,
ಎಲ್ಲರೆದುರು ನನಗೆ ನಾಲಗೆ ಚಾಚಿದರು.
ನಿಕಾಹ್ ಆಗಿ ಮೂವತ್ತು ವರ್ಷ
"ಹೂಂ", "ಆಯ್ತು" ದಾಟಿ ಬಾರದ ನಾಲಗೆ ಅದು.
ನಕ್ಕೆ. ನರ್ಸ್ ನೀರು ತಂದು ಕುಡಿಸಬೇಕಾಯಿತು.

ಈಗ ರಿಮೋಟು ಒತ್ತಿ ಮಲಗುತ್ತಾರೆ,
ಟಿವಿ ಆರಿಸುವವರ ಹಾಗೆ.
ವಿಮಾನ ಇಳಿಯುವಾಗ ಕಿಟಕಿ ನಡುಗುತ್ತದೆ,
ಅವರು ಮಿಸುಕುವುದಿಲ್ಲ.
ನಾನು ಎರಡು ಗಂಟೆಗೆ ಎದ್ದು ಕೂರುತ್ತೇನೆ.
ಒಂದು ಅನ್ನುವಷ್ಟರಲ್ಲಿ ಉಸಿರು ಬಂದುಬಿಡುತ್ತದೆ,
ಎರಡಕ್ಕೆ ಕೆಲಸವೇ ಇಲ್ಲ.
ಹಗ್ಗವಿಲ್ಲದ ಕೈ ಎಲ್ಲಿಡುವುದು ತಿಳಿಯದೆ
ನೀರುದೋಸೆಗೆ ಅಕ್ಕಿ ನೆನೆಹಾಕುತ್ತೇನೆ.

ಮೊನ್ನೆ ಚಹಾ ಕುಡಿಯುತ್ತ ಅಂದರು:
"ಝೊಹರಾ, ನೀನು ನಿದ್ದೆಯಲ್ಲಿ ಎಣಿಸುತ್ತಿದ್ದೆ.
ಹದಿನೇಳಕ್ಕೆ ನಿಲ್ಲಿಸಿದೆ.
ಹದಿನೆಂಟು ಬರುತ್ತದೋ ಅಂತ ಕಾದೆ.
ಬರಲಿಲ್ಲ."

ಅವರ ಬಾಯಿಂದ ಅಷ್ಟು ಉದ್ದದ ಮಾತು ಅದೇ ಮೊದಲು.
ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದೆ,
ಅದನ್ನು ಮಾತ್ರ ಹೇಳಲಿಲ್ಲ.